ಮಗನ ಕಾಮಾಲೆ ಮೂರು ದಿನದ ಔಷಧಿಗೆ ಹೋಯಿತು, ಮಾವನದ್ದು ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ಡಾಕ್ಟರೇ, ನಾವು ತುಮಕೂರು ಜಿಲ್ಲೆಯವರು. ಎರಡು ವರ್ಷದ ಹಿಂದೆ ನನ್ನ ಮಗನಿಗೆ ಕಾಮಾಲೆ ಆಗಿತ್ತು. ಆಗ ಅವನಿಗೆ 11 ವರ್ಷ. ಬಿಲಿರುಬಿನ್ 8.4 ಇತ್ತು. ಆಸ್ಪತ್ರೆಯಲ್ಲಿ "ಇದಕ್ಕೆ ಅಂತ ಔಷಧಿ ಇಲ್ಲ, ರೆಸ್ಟ್ ಕೊಡಿ" ಅಂದರು. ಪಕ್ಕದ ಊರಿನಲ್ಲಿ ನಾಟಿ ಔಷಧಿ ಕೊಡುವ ಅಜ್ಜ ಒಬ್ಬರಿದ್ದಾರೆ. ಖಾಲಿ ಹೊಟ್ಟೆಗೆ ಹಾಲಿನಲ್ಲಿ ಸೊಪ್ಪಿನ ಉಂಡೆ, ಮೂರು ದಿನ, ಆಮೇಲೆ ಪಥ್ಯ. ಎರಡು ವಾರದಲ್ಲಿ ಮಗ ಎದ್ದು ಓಡಾಡಿದ. ಅವರು ಒಂದು ರೂಪಾಯಿ ಮುಟ್ಟಲಿಲ್ಲ. ಈಗ ನಮ್ಮ ಮಾವನವರಿಗೆ (64 ವರ್ಷ) ಒಂದು ತಿಂಗಳಿಂದ ಕಣ್ಣು ಹಳದಿ. ಮೈಯೆಲ್ಲ ತುರಿಕೆ, ರಾತ್ರಿ ನಿದ್ದೆ ಇಲ್ಲ. ಊಟ ಸೇರುತ್ತಿಲ್ಲ, ತುಂಬಾ ಇಳಿದುಹೋಗಿದ್ದಾರೆ. ಜ್ವರ ಇಲ್ಲ, ನೋವೂ ಇಲ್ಲ. ಅದೇ ಅಜ್ಜನ ಔಷಧಿ ಎರಡು ಸುತ್ತು ಆಯಿತು. 7 ಇದ್ದ ಬಿಲಿರುಬಿನ್ 11 ಆಗಿದೆ. ಡಾಕ್ಟರು ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ "ಪಥ್ಯ ಸರಿಯಾಗಿ ಮಾಡಿಲ್ಲ, ಇನ್ನೊಂದು ಸುತ್ತು ನೋಡೋಣ" ಅನ್ನುತ್ತಾರೆ. ನಾವು ಕಣ್ಣಾರೆ ಕಂಡದ್ದು ಸುಳ್ಳಾ? ಡಾಕ್ಟರುಗಳು ಯಾಕೆ ಅದನ್ನು ನಂಬುವುದಿಲ್ಲ?

ಉತ್ತರ: ಮೊದಲು ಕೆಲಸದ ಮಾತು ಹೇಳಿಬಿಡುತ್ತೇನೆ. ಮಿಕ್ಕಿದ್ದನ್ನು ನಿಧಾನಕ್ಕೆ ಓದಿ. ನಾಳೆ ಬೆಳಿಗ್ಗೆಯೇ ಮಾವನವರನ್ನು ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಅದಕ್ಕೆ ಮುಂಚೆ ಆರು ತಾಸಾದರೂ ಏನೂ ತಿಂದಿರಬಾರದು. ಮೂರನೇ ಸುತ್ತಿನ ಔಷಧಿ ಬೇಡ. ಇನ್ನೊಂದು ವಿಷಯವನ್ನು ಇವತ್ತೇ ಕೇಳಿ ತಿಳಿದುಕೊಳ್ಳಿ: ಅವರಿಗೆ ಬೆಳಿಗ್ಗೆ ಹೊರಕಡೆ ಹೋದಾಗ ಮಲದ ಬಣ್ಣ ಹೇಗಿರುತ್ತದೆ? ಸೊಸೆಯಾಗಿ ಇದನ್ನು ಕೇಳೋದು ನಿಮಗೆ ಮುಜುಗರ, ಗೊತ್ತು. ನಿಮ್ಮ ಯಜಮಾನರ ಕೈಲಿ ಕೇಳಿಸಿ. ಎಂದಿನ ಬಣ್ಣ ಹೋಗಿ ಜೇಡಿಮಣ್ಣಿನ ಹಾಗೆ ಬಿಳಿಚಿಕೊಂಡಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಇಷ್ಟು ಅವಸರ ಯಾಕೆ ಅಂತ ಹೇಳುತ್ತೇನೆ.

ಕಾಮಾಲೆ ಅನ್ನೋದು ಕಾಯಿಲೆಯ ಹೆಸರಲ್ಲ. ಜ್ವರ ಇದ್ದ ಹಾಗೆ, ಅದೊಂದು ಲಕ್ಷಣ ಅಷ್ಟೆ. ಊರಿಗೊಂದು ಹೆಸರಿದೆ, ಕಾಮಾಲೆ, ಕಾಮಣಿ, ಅರಿಶಿನ ರೋಗ, ಹಳದಿ ಕಾಯಿಲೆ. ಹೆಸರು ಯಾವುದಾದರೂ ಅದು ಹೇಳುವುದು ಒಂದೇ ಮಾತು: ರಕ್ತದಲ್ಲಿ ಬಿಲಿರುಬಿನ್ ಜಾಸ್ತಿ ಆಗಿದೆ. ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಹಳೆಯ ಕಣ ಒಡೆದಾಗ ಹುಟ್ಟುವ ಹಳದಿ ಕಸವೇ ಬಿಲಿರುಬಿನ್. ಲಿವರ್ ಅದನ್ನು ಹಿಡಿದು, ಪಿತ್ತದ ಜೊತೆ ಸೇರಿಸಿ, ಪಿತ್ತನಾಳದ ಮೂಲಕ ಕರುಳಿಗೆ ಬಿಡುತ್ತದೆ. ಮಲಕ್ಕೆ ಅದರ ಬಣ್ಣ ಬರುವುದೇ ಇದರಿಂದ. ಬಿಲಿರುಬಿನ್ ಸಾಮಾನ್ಯವಾಗಿ 1ರ ಆಸುಪಾಸು ಇರುತ್ತದೆ. 3ರ ಹತ್ತಿರ ಬಂದಾಗ ಕಣ್ಣಿನ ಬಿಳಿಭಾಗ ಹಳದಿ ಕಾಣಿಸುತ್ತದೆ.

ಈ ದಾರಿ ಮೂರು ಕಡೆ ಕೆಡಬಹುದು. ಕೆಂಪು ಕಣಗಳೇ ಜಾಸ್ತಿ ಒಡೆಯಬಹುದು. ಲಿವರ್‌ಗೆ ಊತ ಬಂದು ಕೆಲಸ ನಿಧಾನ ಆಗಬಹುದು. ಇಲ್ಲ, ಲಿವರ್ ಚೆನ್ನಾಗಿಯೇ ಇದ್ದು ಪಿತ್ತನಾಳ ಎಲ್ಲೋ ಕಟ್ಟಿಕೊಂಡಿರಬಹುದು. ಮೂರರಲ್ಲೂ ಕಣ್ಣು ಹಳದಿಯೇ. ಹೊರಗಿನಿಂದ ನೋಡಿದರೆ ನಿಮ್ಮ ಮಗನ ಕಣ್ಣಿಗೂ ಮಾವನ ಕಣ್ಣಿಗೂ ವ್ಯತ್ಯಾಸ ಗೊತ್ತಾಗಲ್ಲ.

ಮಗನಿಗೆ ಆಗಿದ್ದು ಏನು? ನೀವು ಬರೆದದ್ದನ್ನು ನೋಡಿದರೆ ಬಹುಪಾಲು ಹೆಪಟೈಟಿಸ್ ಎ. ಕೊಳಚೆ ಸೇರಿದ ನೀರು, ರಸ್ತೆ ಬದಿಯ ಐಸು, ಕೈ ತೊಳೆಯದೆ ಮುಟ್ಟಿದ ತಿಂಡಿ, ಇವುಗಳಿಂದ ಬರುವ ವೈರಸ್ ಅದು. ಒಳಗೆ ಹೋಗಿ ಸುಮಾರು ನಾಲ್ಕು ವಾರದ ಮೇಲೆ ತಲೆ ಎತ್ತುತ್ತದೆ. ಮೊದಲು ಜ್ವರ, ವಾಕರಿಕೆ, ಅನ್ನ ಕಂಡರೆ ಆಗದು. ನಾಲ್ಕಾರು ದಿನ ಕಳೆದು ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಣ್ಣು ಹಳದಿ. ಮಜಾ ಏನಂದರೆ, ಮಕ್ಕಳಲ್ಲಿ ಕಣ್ಣು ಹಳದಿ ಆಗುವ ಹೊತ್ತಿಗೆ ಜ್ವರ ಬಿಟ್ಟು ಹಸಿವು ಮರಳಲು ಶುರುವಾಗಿರುತ್ತದೆ. ಮನೆಯವರು ಹೆದರಿ ಔಷಧಿ ಕೊಡುವವರ ಹತ್ತಿರ ಓಡುವುದು ಕಣ್ಣು ಹಳದಿಯಾದ ಮೇಲೆ. ಅಂದರೆ ಏರು ಮುಗಿದು ಇಳಿಜಾರು ಶುರುವಾಗುವ ಜಾಗದಲ್ಲಿ. ಅಲ್ಲಿಂದ ಗಾಡಿಯನ್ನು ಯಾರು ತಳ್ಳಿದರೂ ಮುಂದಕ್ಕೇ ಹೋಗುತ್ತದೆ.

ಆಸ್ಪತ್ರೆಯವರು "ಔಷಧಿ ಇಲ್ಲ" ಅಂದದ್ದು ನಿಜವೇ. ಆದರೆ ಅದನ್ನು ಹೇಳಿದ ರೀತಿ ಸರಿ ಇರಲಿಲ್ಲ ಅನ್ನಿಸುತ್ತದೆ. "ಇದಕ್ಕೆ ಔಷಧಿ ಬೇಕಾಗಿಲ್ಲ, ದೇಹವೇ ವೈರಸ್ಸನ್ನು ತೆಗೆದುಹಾಕುತ್ತದೆ, ನಾವು ಕಾವಲು ಕಾಯೋಣ" ಅಂದಿದ್ದರೆ ನೀವು ಕೈ ಬಿಟ್ಟರು ಅಂದುಕೊಳ್ಳುತ್ತಿರಲಿಲ್ಲ. ಹೆಪಟೈಟಿಸ್ ಎ ಬಂದ ಮಕ್ಕಳು ಹೆಚ್ಚು ಕಡಿಮೆ ಎಲ್ಲರೂ ಒಂದೆರಡು ತಿಂಗಳೊಳಗೆ ಪೂರ್ತಿ ವಾಸಿಯಾಗುತ್ತಾರೆ. ನೂರರಲ್ಲಿ ಒಂದಕ್ಕಿಂತ ಕಡಿಮೆ ಮಕ್ಕಳಿಗೆ ಲಿವರ್ ಕೈಕೊಡುತ್ತದೆ. ಕಾವಲು ಕಾಯೋದು ಆ ಒಂದಕ್ಕಾಗಿ.

ನನ್ನದೇ ಕತೆ ಹೇಳುತ್ತೇನೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನಗೂ ಕಾಮಾಲೆ ಬಂದಿತ್ತು. ನಮ್ಮ ಅಜ್ಜಿ ಹಿತ್ತಲಿನಿಂದ ನೆಲನೆಲ್ಲಿ ಬೇರುಸಮೇತ ಕಿತ್ತು ತಂದು, ಮಣ್ಣು ತೊಳೆದು, ಒಳಕಲ್ಲಿನಲ್ಲಿ ನುಣ್ಣಗೆ ಅರೆದು, ಗೋಲಿಯಷ್ಟು ಉಂಡೆ ಮಾಡಿ ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದರು. ಅದರ ಕಹಿ ಈಗಲೂ ನಾಲಗೆ ತುದಿಯಲ್ಲಿದೆ. ಎಣ್ಣೆ ಇಲ್ಲ, ಖಾರ ಇಲ್ಲ, ಹಳದಿ ಬಣ್ಣದ್ದು ಯಾವುದೂ ಇಲ್ಲ. ಮಾವಿನಹಣ್ಣಿನ ಕಾಲ, ಮನೆ ತುಂಬ ಹಣ್ಣಿನ ವಾಸನೆ, ನನಗೆ ಮಾತ್ರ ಮಜ್ಜಿಗೆ ಅನ್ನ. ವಾಸಿ ಆಯಿತು. ಮೆಡಿಕಲ್ ಕಾಲೇಜಿಗೆ ಸೇರುವವರೆಗೂ ನೆಲನೆಲ್ಲಿಯೇ ವಾಸಿ ಮಾಡಿತು ಅಂತ ನಂಬಿದ್ದೆ. ಸೇರಿದ ಮೇಲೂ ಅಜ್ಜಿಯ ಎದುರು ಬೇರೆ ಮಾತಾಡಿದವನಲ್ಲ. ಆದ್ದರಿಂದ ನಿಮ್ಮ ಅನುಭವ ಸುಳ್ಳು ಅಂತ ಹೇಳುವ ಬಾಯಿ ನನಗಿಲ್ಲ. ಮಗನಿಗೆ ಔಷಧಿ ಕೊಟ್ಟಿರಿ, ಮಗ ವಾಸಿಯಾದ, ಎರಡೂ ನಿಜ. ಕೊಡದಿದ್ದರೆ ಏನಾಗುತ್ತಿತ್ತು ಅನ್ನೋದು ಮಾತ್ರ ನಿಮ್ಮ ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೂ ಬೀಳಲಿಲ್ಲ.

ಅದನ್ನು ನೋಡಬೇಕಾದರೆ ಒಂದೇ ಕಾಯಿಲೆ ಇರುವವರನ್ನು ಎರಡು ಗುಂಪು ಮಾಡಬೇಕು. ಒಂದಕ್ಕೆ ಔಷಧಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಸುಮ್ನೆ ಪುಡಿ. ನೆಲನೆಲ್ಲಿಗೆ ಇಂಥ ಪರೀಕ್ಷೆ ಆಗಿದೆ. 1988ರಲ್ಲಿ ಮದ್ರಾಸಿನ ವೈದ್ಯರು ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ಇನ್ನೊಂದು ವೈರಸ್, ಮಗನಿಗೆ ಬಂದಂಥದ್ದಲ್ಲ) ವೈರಸ್ಸನ್ನು ಮೈಯಲ್ಲಿ ಹೊತ್ತು ತಿರುಗುವವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟು ನೋಡಿದರು. ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಹೋಗಿತ್ತು. ಸುಮ್ನೆ ಪುಡಿ ತಿಂದ 23 ಜನರಲ್ಲಿ ಹೋದದ್ದು ಒಬ್ಬರಿಗೆ. 'ಲ್ಯಾನ್ಸೆಟ್' ಅನ್ನುವ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲೇ ಅದು ಪ್ರಕಟವಾಯಿತು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲುಂಬರ್ಗ್ ಅವರೇ ಈ ಗಿಡದ ಬಗ್ಗೆ ಕೆಲಸ ಮಾಡಿದ್ದರು. ಹಿತ್ತಲ ಕಳೆಗೆ ಎಂಥ ಮರ್ಯಾದೆ, ಅಲ್ವಾ? ಆದರೆ ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. 2011ರಲ್ಲಿ ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ಇಟ್ಟು ತೂಗಿದವರು ನಂಬುವಂಥ ಪುರಾವೆ ಇಲ್ಲ ಅಂದರು. ನಮ್ಮ ಅಜ್ಜಿಯ ಉಂಡೆಯ ಬಗ್ಗೆ ನನಗೆ ಬೇಸರವಾಗಿದ್ದು ನಿಜ.

ಡಾಕ್ಟರುಗಳು ಅನುಭವ ನಂಬುವುದಿಲ್ಲ ಅಂದಿರಿ. ಹುಟ್ಟಿದ ಮಗುವಿಗೆ ಕಾಮಾಲೆ ಜಾಸ್ತಿಯಾದರೆ ನೀಲಿ ಬೆಳಕಿನ ಕೆಳಗೆ ಮಲಗಿಸುವುದನ್ನು ನೀವು ನೋಡಿರಬಹುದು. ಅದು ಹುಟ್ಟಿದ್ದೇ ಒಬ್ಬ ನರ್ಸಿನ ಅನುಭವದಿಂದ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಅನ್ನುವವರು ಎಳೆ ಮಕ್ಕಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಒಂದು ಮಗುವಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಕಡೆ ಮಾತ್ರ ಹಳದಿ ಉಳಿದು, ಬಿಸಿಲು ಬಿದ್ದ ಕಡೆ ತಿಳಿಯಾಗಿತ್ತು. ಅವರು ಅದನ್ನು ಡಾಕ್ಟರುಗಳಿಗೆ ತೋರಿಸಿದರು. ಅದೇ ಆಸ್ಪತ್ರೆಯಲ್ಲಿ ಕಿಟಕಿ ಬಿಸಿಲಲ್ಲಿ ಮರೆತು ಇಟ್ಟಿದ್ದ ರಕ್ತದ ಟ್ಯೂಬಿನಲ್ಲೂ ಬಿಲಿರುಬಿನ್ ಕಡಿಮೆ ಬಂತು. ಅಳೆದರು, ದೀಪ ಮಾಡಿದರು, ಮತ್ತೆ ಅಳೆದರು. 1958ರಲ್ಲಿ ಪ್ರಕಟಿಸಿದರು. ಆ ಸಿಸ್ಟರ್ ಮಾಡಿದ್ದೂ ನಿಮ್ಮ ಹಾಗೆ ಕಣ್ಣಾರೆ ನೋಡಿದ್ದೇ. ಆಮೇಲೆ ಅಳೆದು ನೋಡಲು ಜನ ಸಿಕ್ಕರು, ಅಳತೆಯಲ್ಲೂ ಅದು ನಿಂತಿತು.

ನಮ್ಮ ಕಡೆಯದ್ದೂ ನಿಂತದ್ದಿದೆ. ಭಗಂದರಕ್ಕೆ (ಗುದದ್ವಾರದ ಪಕ್ಕ ಆಗುವ ಸೋರುವ ಹುಣ್ಣು) ಆಯುರ್ವೇದದವರು ಕಟ್ಟುವ ಕ್ಷಾರಸೂತ್ರವನ್ನು, ಅಂದರೆ ಔಷಧಿ ಲೇಪಿಸಿದ ದಾರವನ್ನು, ಆಪರೇಷನ್ ಜೊತೆ ಹೋಲಿಸಿ ನೋಡಿದ ದೊಡ್ಡ ಪರೀಕ್ಷೆ 1991ರಲ್ಲಿ ಪ್ರಕಟವಾಯಿತು. ದಾರ ಕಟ್ಟಿದವರಿಗೆ ಗಾಯ ಮಾಯಲು 8 ವಾರ ಬೇಕಾಯಿತು, ಆಪರೇಷನ್‌ಗೆ 4 ವಾರ. ಆದರೆ ಕಾಯಿಲೆ ಮತ್ತೆ ಮರುಕಳಿಸಿದ್ದು ದಾರದಲ್ಲಿ 100ಕ್ಕೆ 4, ಆಪರೇಷನ್‌ನಲ್ಲಿ 11. ನನ್ನ ಹತ್ತಿರ ಆ ತೊಂದರೆ ಹೇಳಿಕೊಂಡು ಬಂದವರಿಗೆ ನಾನೇ "ಕ್ಷಾರಸೂತ್ರದ ಬಗ್ಗೆಯೂ ಕೇಳಿ ನೋಡಿ" ಅನ್ನುತ್ತೇನೆ.

ಇನ್ನು ನಂಬಿಕೆಗೆ ಕಟ್ಟಿಹಾಕುವ ಕೆಲವು ದೃಶ್ಯಗಳಿವೆ. ಕಾಮಾಲೆ "ಕೈಯಿಂದ ತೊಳೆದು ತೆಗೆಯುವುದನ್ನು" ನೋಡಿದ್ದೀರಾ? ಕೈಗೆ ಏನೋ ರಸ ಹಚ್ಚುತ್ತಾರೆ, ತಿಳಿನೀರಿನಲ್ಲಿ ತೊಳೆಯುತ್ತಾರೆ, ನೀರು ಹಳದಿಯಾಗಿ ಇಳಿಯುತ್ತದೆ. ನೋಡುವವರಿಗೆ ರೋಗವೇ ಇಳಿದ ಹಾಗೆ. ಹಚ್ಚಿದ್ದು ಮಾವಿನ ತೊಗಟೆಯ ರಸ, ತಿಳಿನೀರು ಸುಣ್ಣದ್ದು. ಎರಡೂ ಸೇರಿದರೆ ಹಳದಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಆರತಿ ನೀರು ಮಾಡುವ ನಮಗೆ ಇದೇನೂ ಹೊಸದಾಗಬಾರದು. ಒಂದು ಭಾನುವಾರ ನಾನೇ ತೊಗಟೆ ಜಜ್ಜಿ ಹಚ್ಚಿಕೊಂಡು ಸುಣ್ಣದ ನೀರಲ್ಲಿ ಕೈ ತೊಳೆದೆ. ಬಚ್ಚಲು ಹಳದಿ. ಆ ವಾರ ನನ್ನ ಬಿಲಿರುಬಿನ್ 0.7 ಇತ್ತು!

ಮೂಗಿಗೆ ಹನಿ ಬಿಡುವುದು ಇನ್ನೊಂದು. ಕಹಿಹೀರೆಯ ಜಾತಿಗೆ ಸೇರಿದ ಒಂದು ಕಾಯಿಯ ರಸ ಅದು. ಬಿಟ್ಟ ಮೇಲೆ ಮೂಗಿನಿಂದ ಹಳದಿ ನೀರು ಸುರಿಯುತ್ತದೆ. ರಸಕ್ಕೆ ಮೂಗಿನ ಒಳಪೊರೆ ಉರಿದು ಸುರಿಯುವ ನೀರು ಅದು, ಲಿವರ್‌ನಿಂದ ಬಂದದ್ದಲ್ಲ. ಮುಂಗೈಗೆ ಚುಟಿಕೆ, ಅಂದರೆ ಬರೆ, ಹಾಕಿಸುವುದಂತೂ ಬೇಡವೇ ಬೇಡ. ನಿಮ್ಮ ಮಾವನವರಿಗೆ ಈ ಎರಡೂ ಜಾಸ್ತಿ ಅಪಾಯ. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ. ಅದಿಲ್ಲದೆ ರಕ್ತ ಹೆಪ್ಪುಗಟ್ಟುವುದು ನಿಧಾನ. ಸಣ್ಣ ಗಾಯವೂ ಜಿನುಗುತ್ತಲೇ ಇರುತ್ತದೆ.

ಮತ್ತೆ ಮಾವನವರ ವಿಷಯಕ್ಕೆ ಬರೋಣ. 64 ವರ್ಷ. ಜ್ವರ ಇಲ್ಲ, ನೋವಿಲ್ಲ. ಒಂದು ತಿಂಗಳಾದರೂ ಬಿಲಿರುಬಿನ್ ಏರುತ್ತಲೇ ಇದೆ. ತುರಿಕೆ. ತೂಕ ಇಳಿತ. ಇಷ್ಟನ್ನು ಒಟ್ಟಿಗೆ ಕೇಳಿದರೆ ನನ್ನಂಥವರ ಮನಸ್ಸು ಮೊದಲು ಹೋಗುವುದು ಪಿತ್ತನಾಳದ ಕಡೆಗೆ. ಪಿತ್ತ ಮುಂದೆ ಹೋಗಲಾಗದೆ ರಕ್ತಕ್ಕೆ ವಾಪಸ್ಸು ಬಂದಾಗ ಹೀಗೆ ಮೈಯೆಲ್ಲ ತುರಿಸುತ್ತದೆ. ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರಬಹುದು, ಕಲ್ಲಾದರೆ ಸಾಮಾನ್ಯವಾಗಿ ನೋವಿರುತ್ತದೆ. ನಾಳವೇ ಕಿರಿದಾಗಿರಬಹುದು. ನಾಳ ಕರುಳಿಗೆ ಸೇರುವ ಜಾಗದಲ್ಲಿ, ಇಲ್ಲವೇ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಗಡ್ಡೆ ಬೆಳೆದು ಹೊರಗಿನಿಂದ ನಾಳವನ್ನು ಒತ್ತುತ್ತಿರಬಹುದು. ಗಡ್ಡೆ ಅಂದರೆ ಕ್ಯಾನ್ಸರ್ ಇರಬಹುದಾ ಅಂತ ನೀವು ಕೇಳುತ್ತೀರಿ. ಇರಬಹುದು. ಮುಚ್ಚಿಟ್ಟು ಪ್ರಯೋಜನವಿಲ್ಲ. ಸ್ಕ್ಯಾನಿಂಗ್ ಆಗದೆ ಯಾವುದನ್ನೂ ಹೇಳಲು ಬರುವುದಿಲ್ಲ. ಕಲ್ಲಾಗಿದ್ದರೆ ಬಾಯಿಯ ಮೂಲಕ ಕೊಳವೆ ಇಳಿಸಿ, ಹೊಟ್ಟೆ ಕೊಯ್ಯದೆಯೇ ತೆಗೆಯುತ್ತಾರೆ. ಇ.ಆರ್.ಸಿ.ಪಿ. ಅಂತ ಅದರ ಹೆಸರು. ಗಡ್ಡೆಯಾಗಿದ್ದರೆ ಆಪರೇಷನ್ ಮಾಡುವ ಹಂತದಲ್ಲಿದೆಯೋ ಇಲ್ಲವೋ ಅನ್ನೋದು ಮುಖ್ಯ, ಅದಕ್ಕೇ ಒಂದೊಂದು ವಾರಕ್ಕೂ ಬೆಲೆಯಿದೆ. ಆಪರೇಷನ್ ಆಗದಿದ್ದರೂ ನಾಳದೊಳಗೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಇಟ್ಟು ಪಿತ್ತ ಹರಿಯುವ ಹಾಗೆ ಮಾಡಿದರೆ ತುರಿಕೆ ನಿಲ್ಲುತ್ತದೆ, ನಿದ್ದೆ ಬರುತ್ತದೆ.

ಪಥ್ಯ ತಪ್ಪಿದ್ದರಿಂದ ಔಷಧಿ ಹತ್ತಲಿಲ್ಲ ಅನ್ನುವ ಮಾತಿದೆಯಲ್ಲ, ಅದನ್ನು ಸ್ವಲ್ಪ ಯೋಚಿಸಿ. ವಾಸಿಯಾದರೆ ಔಷಧಿಯಿಂದ, ಆಗದಿದ್ದರೆ ಪಥ್ಯ ಕೆಟ್ಟಿದ್ದರಿಂದ. ಹೀಗಾದರೆ ಔಷಧಿ ಸೋಲುವುದೇ ಇಲ್ಲ, ಸೋಲುವುದು ರೋಗಿ ಮಾತ್ರ. ಆ ಅಜ್ಜ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಕಾಸು ಮುಟ್ಟದೆ ನಸುಕಿನಲ್ಲಿ ಸೊಪ್ಪು ಹುಡುಕಿ ತರುವವರು ಒಳ್ಳೆಯವರೇ ಇರುತ್ತಾರೆ. ಆದರೆ ವಾಸಿಯಾದವರು ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಅವರ ಜಗಲಿಗೆ ವಾಪಸ್ಸು ಬರುತ್ತಾರೆ. ಆಗದವರು ಬೆಂಗಳೂರು ಬಸ್ಸು ಹತ್ತಿ ನನ್ನಂಥವರ ಹತ್ತಿರ ಬರುತ್ತಾರೆ. ಅಜ್ಜನ ಲೆಕ್ಕದಲ್ಲಿ ಎಲ್ಲರೂ ವಾಸಿ. ನನ್ನ ಲೆಕ್ಕದಲ್ಲಿ ನಾಟಿ ಔಷಧಿ ತಿಂದವರೆಲ್ಲ ಕಷ್ಟಕ್ಕೆ ಬಿದ್ದವರೇ. ಇಬ್ಬರ ಕಣ್ಣಿಗೂ ಬೀಳುವುದು ಅರ್ಧ ಊರು.

ಸೊಪ್ಪು ತಾನೇ, ಕೆಟ್ಟದ್ದೇನೂ ಮಾಡಲ್ಲ ಅನ್ನುವ ಮಾತನ್ನೂ ದಿನಾ ಕೇಳುತ್ತೇನೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯುತ್ತಿತ್ತು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದು ಲಿವರ್ ಊದಿಕೊಂಡ 6 ಜನರನ್ನು ನೋಡಿ 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಗಿಡ ಇರಬಹುದು ಅಂದಿತು. ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ಸೇರಿ 43 ಜನರ ವಿವರ ಪ್ರಕಟಿಸಿದರು. ಕುಡಿದ ಲಕ್ಷಾಂತರ ಜನಕ್ಕೆ ಏನೂ ಆಗಿಲ್ಲ, ಅದೂ ನಿಜ. ಲೋಹ ಸುಟ್ಟು ಮಾಡಿದ ಭಸ್ಮ ಸೇರಿದ ಗುಳಿಗೆಗಳ ಬಗ್ಗೆ ನನಗೆ ಇನ್ನೂ ಜಾಸ್ತಿ ಭಯ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳನ್ನು ಪರೀಕ್ಷೆ ಮಾಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ನಮ್ಮಲ್ಲಿ ಚೀಟಿಯೇ ಇಲ್ಲದ ಪೊಟ್ಟಣಗಳಲ್ಲಿ ಏನಿದೆ ಅಂತ ಕೊಡುವವರು ಹೇಳುವುದೂ ಇಲ್ಲ, "ಗುಟ್ಟು ಹೇಳಿದರೆ ಔಷಧಿ ಫಲಿಸಲ್ಲ" ಅನ್ನುತ್ತಾರೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾಟಿ ಔಷಧಿ ತಿಂದು ಬಂದ ಒಬ್ಬ ರೈತರಿಗೆ ವಾರ್ಡಿನಲ್ಲಿ ಎಲ್ಲರೆದುರು ಬೈದೆ. ಅವರು ತಲೆ ತಗ್ಗಿಸಿ ಕೂತಿದ್ದರು. ಪಕ್ಕದ ಹಾಸಿಗೆಯ ಹೆಂಗಸು ಅದನ್ನು ಕೇಳಿಸಿಕೊಂಡರು. ಮರುದಿನ ನಾನು "ಬೇರೆ ಏನಾದರೂ ಔಷಧಿ ತಗೊಂಡಿದ್ದೀರಾ?" ಅಂತ ಕೇಳಿದರೆ ಆಕೆ "ಇಲ್ಲ ಸಾರ್" ಅಂದರು. ನಾಲ್ಕು ದಿನ ಕಾರಣ ಹುಡುಕಿದೆವು. ಐದನೇ ದಿನ ತಲೆದಿಂಬಿನ ಕೆಳಗೆ ಕಪ್ಪು ಗುಳಿಗೆಗಳ ಡಬ್ಬಿ ಸಿಕ್ಕಿತು. ಅವರ ಸುಳ್ಳಿಗೆ ಕಾರಣ ನಾನೇ. ಆಮೇಲೆ ನಾನು ಬೈಯುವುದು ಬಿಟ್ಟೆ, "ಯಾರ ಹತ್ತಿರ ತಗೊಂಡ್ರಿ, ಹೇಗೆ ತಗೊಂಡ್ರಿ, ತೋರಿಸಿ" ಅಂತ ಮಾತ್ರ ಕೇಳುತ್ತೇನೆ.

ಹಾಗಾಗಿ ನಾಳೆ ಹೋಗುವಾಗ ಅಜ್ಜನ ಔಷಧಿಯಲ್ಲಿ ಏನಾದರೂ ಉಳಿದಿದ್ದರೆ ಜೊತೆಗೆ ಒಯ್ಯಿರಿ. ಯಾವ ದಿನ, ಎಷ್ಟು ಕೊಟ್ಟಿರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಾವನವರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಇದ್ದರೆ ಅವನ್ನೂ ತೋರಿಸಿ. ಪಥ್ಯದ ಹೆಸರಿನಲ್ಲಿ ಅವನ್ನು ನಿಲ್ಲಿಸಿಬಿಟ್ಟಿರುತ್ತಾರೆ ಕೆಲವರು. ಬರೀ ಮಜ್ಜಿಗೆ ಅನ್ನದಲ್ಲಿ ಇಟ್ಟಿದ್ದರೆ ಇವತ್ತಿನಿಂದಲೇ ಬೇಳೆ, ಮೊಸರು ಕೊಡಿ, ಮೊಟ್ಟೆ ತಿನ್ನುವವರಾದರೆ ಮೊಟ್ಟೆಯನ್ನೂ ಕೊಡಿ. ಇಳಿದುಹೋಗಿರುವ ಮೈಗೆ ಶಕ್ತಿ ಬೇಕು. ಕಬ್ಬಿನ ಹಾಲು ರಸ್ತೆ ಬದಿಯದ್ದು ಬೇಡ, ಹೊಸದೊಂದು ಕಾಮಾಲೆಯನ್ನು ಮನೆಗೆ ತಂದ ಹಾಗಾಗುತ್ತದೆ.

ಸ್ಕ್ಯಾನಿಂಗ್‌ವರೆಗೂ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಚಳಿ ನಡುಗಿ ಜ್ವರ ಬಂದರೆ ಓಡಿ, ಕಟ್ಟಿಕೊಂಡ ಪಿತ್ತದಲ್ಲಿ ಸೋಂಕು ಸೇರಿರಬಹುದು. ಹಗಲು ತೂಕಡಿಸಿ ರಾತ್ರಿ ಎದ್ದು ಕೂತರೆ, ಮಾತು ತೊದಲಿದರೆ, ಮನೆಯವರ ಗುರುತು ಮರೆತರೆ ಓಡಿ. ಮಲ ಟಾರಿನ ಹಾಗೆ ಕಪ್ಪಾದರೂ ಅಷ್ಟೇ.

ಮನೆಯಲ್ಲಿ ಅಜ್ಜನ ಮೇಲಿನ ನಂಬಿಕೆ ಬಿಡಿ ಅಂತ ವಾದಕ್ಕೆ ಕೂರಬೇಡಿ. ಅದು ಒಂದು ವಾರದಲ್ಲಿ ಮುಗಿಯುವ ವಾದವಲ್ಲ, ನಿಮಗೆ ಅಷ್ಟು ಸಮಯವೂ ಇಲ್ಲ. "ನಾಳ ಕಟ್ಟಿಕೊಂಡಿದೆಯಾ ಅಂತ ನೋಡಿಸಿಕೊಂಡು ಬರೋಣ, ಕಟ್ಟಿಲ್ಲ ಅಂದರೆ ಮುಂದಿನದ್ದು ಆಮೇಲೆ ಮಾತಾಡೋಣ" ಅನ್ನಿ. ಬೇಕಾದರೆ ಆ ಅಜ್ಜನಿಗೇ ಫೋನ್ ಮಾಡಿ, ಎರಡು ಸುತ್ತಿಗೂ ಇಳಿದಿಲ್ಲ ಅಂತ ಹೇಳಿ. ನಾನು ಕಂಡ ಹಾಗೆ, ಹಳೆಯ ಕಾಲದ ಒಳ್ಳೆಯ ಔಷಧಿಯವರು ಅಂಥ ಹೊತ್ತಿನಲ್ಲಿ ತಾವೇ "ದೊಡ್ಡಾಸ್ಪತ್ರೆಗೆ ತೋರಿಸಿ" ಅನ್ನುತ್ತಾರೆ. ಅವರ ಬಾಯಿಂದ ಬಂದರೆ ನಿಮ್ಮ ಮನೆಯಲ್ಲಿ ಅದಕ್ಕೆ ತೂಕ ಜಾಸ್ತಿ.

ವರದಿ ಬಂದ ಮೇಲೆ ಮತ್ತೆ ಬರೆಯಿರಿ. ಒಟ್ಟು ಬಿಲಿರುಬಿನ್ ಒಂದೇ ಸಾಲದು. ಅದರಲ್ಲಿ ಡೈರೆಕ್ಟ್ (ಲಿವರ್ ಸಂಸ್ಕರಿಸಿದ ಭಾಗ) ಎಷ್ಟು, ಎಸ್.ಜಿ.ಪಿ.ಟಿ. (ಲಿವರ್ ಊತದ ಗುರುತು) ಎಷ್ಟು, ಆಲ್ಕಲೈನ್ ಫಾಸ್ಫಟೇಸ್ (ಪಿತ್ತನಾಳ ಕಟ್ಟಿದರೆ ಏರುವಂಥದ್ದು) ಎಷ್ಟು, ಪಿ.ಟಿ. ಐ.ಎನ್.ಆರ್. (ರಕ್ತ ಹೆಪ್ಪುಗಟ್ಟುವ ಅಳತೆ) ಎಷ್ಟು ಅಂತಲೂ ಬರೆಯಿರಿ. ಮಗನ ಹಳೆಯ ರಿಪೋರ್ಟ್ ಇದ್ದರೆ ಪಕ್ಕದಲ್ಲಿಟ್ಟು ನೋಡಿ. ಅವನ ಎಸ್.ಜಿ.ಪಿ.ಟಿ. ಸಾವಿರದ ಮೇಲೆ ಇದ್ದಿರಬಹುದು. ಮಾವನವರದ್ದು ಅಷ್ಟೇನೂ ಏರಿರದೆ, ಆಲ್ಕಲೈನ್ ಫಾಸ್ಫಟೇಸ್ ಮಾಮೂಲಿಗಿಂತ ಮೂರು ನಾಲ್ಕು ಪಟ್ಟು ಇರಬಹುದು ಅಂತ ನನ್ನ ಅಂದಾಜು. ಎರಡೂ ಹಾಳೆಯನ್ನು ನಿಮ್ಮ ಯಜಮಾನರಿಗೆ ತೋರಿಸಿ.